ಪುಟ್ಟ ಆಪರೇಷನ್ನು, ಪುಟ್ಟ ಮಕ್ಕಳು

ತುತ್ತು ಬಾಯಿಗೆ ಇಡಿಸಿಕೊಳ್ಳದ ಮಗುವಿಗೆ ನಮ್ಮ ಮನೆಗಳಲ್ಲಿ ಏನು ಹೇಳುತ್ತೇವೆ? ಹಿಂದೆಲ್ಲ "ಗುಮ್ಮ ಬರ್ತಾನೆ" ಅನ್ನುತ್ತಿದ್ದರು. ಈಗಿನ ಮಕ್ಕಳು ಗುಮ್ಮನನ್ನು ನಂಬುವುದಿಲ್ಲ, ಹಾಗಾಗಿ ಅವನ ಜಾಗಕ್ಕೆ ಡಾಕ್ಟರು ಬಂದಿದ್ದಾರೆ. "ಉಣ್ಣದೇ ಇದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ ದೊಡ್ಡ ಸೂಜಿ ಚುಚ್ಚಿಸ್ತೀನಿ ನೋಡು!" ಈ ಮಾತು ಕೇಳಿಬರದ ಮನೆ ನಮ್ಮ ಬೀದಿಯಲ್ಲಂತೂ ಇಲ್ಲ. ತುತ್ತು ಒಳಗೆ ಹೋಗುತ್ತದೆ, ನಿಜ. ಆದರೆ ಮುಂದೆ ಒಂದು ದಿನ ಆ ಮಗುವಿಗೆ ಟಾನ್ಸಿಲ್ ತೆಗೆಸಬೇಕಾಗಿಯೋ, ಹಣೆ ಒಡೆದು ಹೊಲಿಗೆ ಹಾಕಿಸಬೇಕಾಗಿಯೋ ಬಂದಾಗ, ಅದೇ ಗುಮ್ಮನ ಮುಂದೆ ಅದನ್ನು ಮಲಗಿಸಿ "ಹೆದರಬೇಡ ಕಂದಾ" ಅಂದರೆ ಅದು ನಂಬುವುದಾದರೂ ಹೇಗೆ?

ಇಲ್ಲಿ ನಾನು ಹೇಳಹೊರಟಿರುವುದು ಹೃದಯ, ಮಿದುಳಿನಂಥ ದೊಡ್ಡ ಆಪರೇಷನ್ನುಗಳ ವಿಷಯವಲ್ಲ. ಕುರು ಕೊಯ್ದು ಕೀವು ತೆಗೆಯುವುದು, ಹಲ್ಲು ಕೀಳುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಟಾನ್ಸಿಲ್, ತೊಡೆಸಂದಿನ ಹರ್ನಿಯಾ, ಇಂಥವು. ಬೆಳಿಗ್ಗೆ ಹೋಗಿ ಸಂಜೆಗೋ ಮಾರನೆಯ ದಿನಕ್ಕೋ ಮನೆಗೆ ಬರುವಂಥವು. ದೊಡ್ಡವರು "ಅಯ್ಯೋ, ಅದೇನು ಮಹಾ, ಸಣ್ಣ ಆಪರೇಷನ್" ಅಂದುಬಿಡುತ್ತೇವೆ. ಸಣ್ಣದು ಡಾಕ್ಟರಿಗೆ. ಐದು ವರ್ಷದ ಮಗುವಿಗೆ ತನ್ನ ಮೈ ಮೇಲೆ ಯಾರೋ ಕೈ ಹಾಕುವುದು, ಅಮ್ಮ ಬಾಗಿಲ ಆಚೆ ನಿಲ್ಲುವುದು, ಇವೆರಡೂ ಸಣ್ಣವಲ್ಲ.

ನಮ್ಮ ಎದುರು ಮನೆಯ ಹುಡುಗನ ಕಥೆ ಕೇಳಿ. ಅವನಿಗೆ ಐದು ತುಂಬಿದಾಗ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಆಗಲೇಬೇಕಾದ್ದು ಅದು. ಹೊಕ್ಕಳ ಹತ್ತಿರ ಉಬ್ಬುವ ಹರ್ನಿಯಾ ಬಹಳ ಮಕ್ಕಳಲ್ಲಿ ನಾಲ್ಕೈದು ವರ್ಷದ ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. (ಅದಕ್ಕೆ ನಾಣ್ಯ ಇಟ್ಟು ಬಟ್ಟೆ ಬಿಗಿಯುವುದರಿಂದ ಏನೂ ಪ್ರಯೋಜನವಿಲ್ಲ, ಚರ್ಮ ಕೆಂಪಾಗುತ್ತದೆ ಅಷ್ಟೆ.) ತೊಡೆಸಂದಿನದು ಹಾಗಲ್ಲ, ತಾನಾಗಿ ವಾಸಿಯಾಗುವುದಿಲ್ಲ. ಕರುಳಿನ ಸುರುಳಿ ಅದರಲ್ಲಿ ಸಿಕ್ಕಿಹಾಕಿಕೊಂಡರೆ ಅಪಾಯ. ಅವರ ಮನೆಯ ಹಿರಿಯರು, ಮಗು ಹೆದರೀತು ಅಂತ ವಿಷಯವನ್ನು ಮುಚ್ಚಿಟ್ಟರು. "ಅಜ್ಜಿ ಊರ ಜಾತ್ರೆಗೆ ಹೋಗೋಣ ಬಾ" ಅಂತ ಹೊಸ ಅಂಗಿ ಹಾಕಿಸಿ ಬಸ್ಸು ಹತ್ತಿಸಿದರು. ಬಸ್ಸು ಇಳಿದದ್ದು ಆಸ್ಪತ್ರೆಯ ಮುಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಹತ್ತು ದಿನದಲ್ಲಿ ಗಾಯ ಮಾಯಿತು. ಹುಡುಗ ಮಾತ್ರ ಮೊದಲಿನ ಹಾಗಾಗಲಿಲ್ಲ. ಎಷ್ಟೋ ತಿಂಗಳು ಬಸ್ಸು ಹತ್ತಲು ಒಪ್ಪುತ್ತಿರಲಿಲ್ಲ. ತಾಯಿ "ಅಂಗಡಿಗೆ ಹೋಗೋಣ ಬಾರೋ" ಅಂದರೆ, "ನಿಜವಾಗ್ಲೂ ಅಂಗಡಿಗಾ?" ಅಂತ ಮೂರು ಮೂರು ಸಲ ಕೇಳುತ್ತಿದ್ದ. ಎಂಟನೇ ವರ್ಷದಲ್ಲಿ ಆಟವಾಡುವಾಗ ತುಕ್ಕು ಹಿಡಿದ ಮೊಳೆ ತುಳಿದ. ಯಾರಿಗೂ ಹೇಳಲಿಲ್ಲ. ಬೂಟಿನ ಒಳಗೆ ಕಾಲು ತೂರಿಸಿ ಮೂರು ದಿನ ಶಾಲೆಗೆ ಹೋಗಿ ಬಂದ. ಜ್ವರ ಬಂದು ಮಲಗಿದಾಗ ಕಾಲು ನೋಡಿದರೆ ಬದನೆಕಾಯಿಯಂತೆ ಊದಿತ್ತು. "ಯಾಕೋ ಹೇಳ್ಲಿಲ್ಲ?" ಅಂದರೆ, "ಹೇಳಿದ್ರೆ ಮತ್ತೆ ಜಾತ್ರೆಗೆ ಕರ್ಕೊಂಡು ಹೋಗ್ತಿದ್ರಿ" ಅಂದನಂತೆ. ಅವನ ತಾಯಿ ನಮ್ಮ ಜಗುಲಿಯ ಮೇಲೆ ಕೂತು ಇದನ್ನು ಹೇಳಿ ಅತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕಾಲು ಉಳಿಯಿತು, ಪುಣ್ಯ. ಧನುರ್ವಾಯು ತಗುಲಿದ್ದರೆ?

ಸೂಜಿಯ ನೋವನ್ನು ಮಗು ಮರೆಯುತ್ತದೆ ಕಣ್ರೀ. ಅಮ್ಮ ಸುಳ್ಳು ಹೇಳಿ ಕರೆದುಕೊಂಡು ಹೋದಳು ಅನ್ನುವುದನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಇದು ಬರೀ ನಮ್ಮೂರ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎನ್ನುವವರು 1952ರಲ್ಲಿ ಒಂದು ಸಣ್ಣ ಚಲನಚಿತ್ರ ತೆಗೆದರು. ಎರಡು ವರ್ಷದ ಹೆಣ್ಣುಮಗು ಹೊಕ್ಕಳಿನ ಹರ್ನಿಯಾ ಆಪರೇಷನ್ನಿಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದದ್ದೇ ಅದರ ಕಥೆ. ಆ ಕಾಲದಲ್ಲಿ ಅಲ್ಲಿ ತಂದೆ ತಾಯಿ ಮಗುವಿನ ಹತ್ತಿರ ಇರುವಂತಿರಲಿಲ್ಲ, ಗೊತ್ತಾದ ವೇಳೆಯಲ್ಲಿ ಬಂದು ನೋಡಿ ಹೋಗಬೇಕು. ಮಗು ಅಳುವುದಕ್ಕಿಂತ ಹೆಚ್ಚಾಗಿ ದಿನದಿಂದ ದಿನಕ್ಕೆ ಮಂಕಾಗುವುದು, ತಾಯಿ ಬಂದಾಗ ಮುಖ ತಿರುಗಿಸುವುದು ಆ ಚಿತ್ರದಲ್ಲಿ ಕಾಣುತ್ತದೆ. ಮೊದಮೊದಲು ಡಾಕ್ಟರುಗಳೇ ಒಪ್ಪಲಿಲ್ಲ. ಆಮೇಲೆ 1959ರಲ್ಲಿ ಅಲ್ಲಿಯ ಸರ್ಕಾರದ ಸಮಿತಿಯೊಂದು, ಪ್ಲಾಟ್ ಸಮಿತಿ ಅಂತ, ತಂದೆ ತಾಯಿಗೆ ಯಾವ ಹೊತ್ತಿನಲ್ಲಾದರೂ ಮಗುವನ್ನು ನೋಡಲು ಬಿಡಬೇಕು, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲು ಅವಕಾಶವಿರಬೇಕು ಎಂದು ವರದಿ ಕೊಟ್ಟಿತು. ನಮ್ಮಲ್ಲಿ ಆ ತೊಂದರೆ ಇಲ್ಲ, ಒಂದು ಮಗುವಿನ ಜೊತೆ ಇಡೀ ವಠಾರವೇ ವಾರ್ಡಿಗೆ ಹೋಗುತ್ತದೆ! ನಮ್ಮ ತೊಂದರೆ ಬೇರೆ. ನಾವು ಜೊತೆಗಿರುತ್ತೇವೆ, ಆದರೆ ನಿಜ ಹೇಳುವುದಿಲ್ಲ.

ಯಾವಾಗ ಹೇಳಬೇಕು, ಹೇಗೆ ಹೇಳಬೇಕು?

ಎರಡು ಮೂರು ವರ್ಷದ ಮಗುವಿಗೆ ಹಿಂದಿನ ದಿನ ಹೇಳಿದರೆ ಸಾಕು. ಅದಕ್ಕೆ ನಾಳೆ ನಾಡಿದ್ದು ಅನ್ನುವುದೇ ಸರಿಯಾಗಿ ತಿಳಿಯದು. ನಾಲ್ಕರಿಂದ ಆರು ವರ್ಷದವರಿಗೆ ಮೂರು ನಾಲ್ಕು ದಿನ ಮುಂಚೆ. ಏಳು ದಾಟಿದವರಿಗೆ ಒಂದು ವಾರ ಮುಂಚೆಯೇ ಹೇಳಬಹುದು. ಅವರಿಗೆ ಕೇಳಲು ಪ್ರಶ್ನೆಗಳಿರುತ್ತವೆ, ಯೋಚನೆ ಮಾಡಿ ಮಾಡಿ ಒಂದೊಂದಾಗಿ ತರುತ್ತಾರೆ.

ನನ್ನ ಎರಡನೆಯ ಮಗಳಿಗೆ ಏಳು ವರ್ಷವಾಗಿದ್ದಾಗ ಟಾನ್ಸಿಲ್ ತೆಗೆಸಬೇಕಾಯಿತು. ವರ್ಷಕ್ಕೆ ಏಳೆಂಟು ಸಲ ಗಂಟಲು ಕಟ್ಟಿ ಜ್ವರ, ರಾತ್ರಿ ಬಾಯಿ ತೆರೆದು ಗೊರಕೆ. ನಮ್ಮದು ತಾಲ್ಲೂಕು ಊರು, ಗಂಟಲಿನ ಆಪರೇಷನ್ನಿಗೆ ಶಿವಮೊಗ್ಗಕ್ಕೇ ಹೋಗಬೇಕು. ತಾರೀಕು ಗೊತ್ತಾದ ಮೇಲೆ ನಾನು ಅವಳಿಗೆ ಹೇಳುತ್ತೇನೆ ಅಂದಾಗ ನಮ್ಮ ಅತ್ತೆಗೆ ಸರಿಬೀಳಲಿಲ್ಲ. "ಮಗೂಗೆ ಯಾಕಮ್ಮಾ ಅದೆಲ್ಲ? ಈಗಲೇ ಹೇಳಿದ್ರೆ ರಾತ್ರಿಯೆಲ್ಲಾ ಹೆದರ್ಕೊಂಡು ಕೂರುತ್ತೆ" ಅಂದರು. "ಹೆದರಿದ್ರೆ ಹೆದರ್ಲಿ ಅತ್ತೆ, ಇಲ್ಲಿ ನನ್ನ ಮಗ್ಗುಲಲ್ಲಿ ಮಲಗಿ ಹೆದರ್ಲಿ. ಅಲ್ಲಿ ಹೋಗಿ ಒಬ್ಬಳೇ ಹೆದರೋದು ಬೇಡ" ಅಂದೆ. ಅವರು ಮಾತಾಡಲಿಲ್ಲ, ಆದರೆ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದರು.

ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಕತ್ತು ಕೊಯ್ತಾರಾ?" ನೋಡಿ, ಅವಳ ಮನಸ್ಸಿನಲ್ಲಿದ್ದ ಭಯ ಅದು! ಗಂಟಲು ಅಂದರೆ ಮಕ್ಕಳಿಗೆ ಕತ್ತೇ. ಹೊರಗೆ ಎಲ್ಲೂ ಕೊಯ್ಯುವುದಿಲ್ಲ, ಬಾಯಿ ತೆರೆದು ಒಳಗಿಂದಲೇ ತೆಗೆಯುತ್ತಾರೆ, ಹೊರಗೆ ಒಂದು ಗೀರು ಕೂಡ ಇರುವುದಿಲ್ಲ ಅಂತ ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿದೆ. ಆಮೇಲೆ, "ಮಧ್ಯದಲ್ಲಿ ಎಚ್ಚರ ಆದ್ರೆ?", "ಮಾತು ಹೋಗ್ಬಿಡುತ್ತಾ?" ಎರಡು ದಿನ ಬಿಟ್ಟು, ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು, "ಅಮ್ಮಾ, ನಾನು ಐಸ್ ಕ್ಯಾಂಡಿ ತಿಂದಿದ್ದಕ್ಕಾ ಇದು?" ಅಂದಳು.

ಈ ಕೊನೆಯ ಪ್ರಶ್ನೆಯನ್ನು ಎಲ್ಲ ತಾಯಂದಿರೂ ಗಮನಿಸಬೇಕು. ನಾಲ್ಕರಿಂದ ಏಳೆಂಟು ವರ್ಷದ ಮಕ್ಕಳು, ತಾವು ಏನೋ ತಪ್ಪು ಮಾಡಿದ್ದಕ್ಕೆ ಈ ಶಿಕ್ಷೆ ಅಂತ ಒಳಗೊಳಗೇ ಅಂದುಕೊಳ್ಳುತ್ತಾರೆ. ಬಾಯಿ ಬಿಟ್ಟು ಕೇಳುವವರು ಕಡಿಮೆ. ಕೇಳದಿದ್ದರೂ ನಾವಾಗಿ ಹೇಳಬೇಕು: "ಇದು ನೀನು ಏನೋ ಮಾಡಿದ್ದಕ್ಕಲ್ಲ ಪುಟ್ಟಾ. ಕೆಲವು ಮಕ್ಕಳಿಗೆ ಹೀಗಾಗುತ್ತೆ, ಡಾಕ್ಟರು ಸರಿ ಮಾಡ್ತಾರೆ." ಜೊತೆಗೆ ಮನೆಯವರು "ಬಿಸಿಲಲ್ಲಿ ಕುಣಿದೆ, ಅದಕ್ಕೇ ಈಗ ಅನುಭವಿಸು" ಅನ್ನುವುದನ್ನು ನಿಲ್ಲಿಸಬೇಕು.

ನಾವು ಬಳಸುವ ಮಾತುಗಳಲ್ಲೇ ಎಷ್ಟೋ ಭಯ ಅಡಗಿದೆ. "ಆಪರೇಷನ್ ಥಿಯೇಟರ್" ಅಂದರೆ ಮಗು ಸಿನಿಮಾ ಅಂದುಕೊಂಡು ಖುಷಿಯಾಗಿ ಹೊರಟೀತು, ಒಳಗೆ ಹೋದ ಮೇಲೆ ಮೋಸವಾಯಿತು ಅಂತ ಕಿರುಚೀತು. "ಗ್ಯಾಸ್ ಕೊಡ್ತಾರೆ" ಅಂದರೆ ಅದಕ್ಕೆ ಗೊತ್ತಿರುವುದು ಅಡುಗೆಮನೆಯ ಸಿಲಿಂಡರು, ಹತ್ತಿರ ಹೋದರೆ ನಾವೇ ಬೈಯುವಂಥದ್ದು. "ಹೊಲಿಗೆ ಹಾಕ್ತಾರೆ" ಅಂದರೆ ಟೈಲರ್ ಅಂಗಡಿಯ ಮಿಷನ್ನು ಕಣ್ಣ ಮುಂದೆ ಬರುತ್ತದೆ. ಇವನ್ನೆಲ್ಲ ಬಿಡಿಸಿ ಹೇಳಬೇಕು. ಥಿಯೇಟರ್ ಅಂದರೆ ದೊಡ್ಡ ದೀಪ ಇರುವ ತಣ್ಣನೆಯ ಕೋಣೆ, ಅಲ್ಲಿ ಎಲ್ಲರೂ ಹಸಿರು ಅಂಗಿ, ಟೋಪಿ ಹಾಕಿರುತ್ತಾರೆ. ಹೊಲಿಗೆ ಅಂದರೆ ಗಾಯದ ಎರಡು ಬದಿ ಒಂದಕ್ಕೊಂದು ಅಂಟಿಕೊಳ್ಳುವ ತನಕ ದಾರದಲ್ಲಿ ಹಿಡಿದಿಡುವುದು.

"ನಿದ್ದೆ" ಎನ್ನುವ ಮಾತಿನ ಬಗ್ಗೆ ಇನ್ನೂ ಎಚ್ಚರ ಬೇಕು. ತಾತ ತೀರಿಕೊಂಡಾಗ ನಾವೇ ಮಗುವಿಗೆ "ತಾತ ಮಲಗಿದ್ದಾರೆ ಕಂದಾ" ಅಂದಿರುತ್ತೇವೆ. ತಾತ ಏಳಲಿಲ್ಲ. ಈಗ "ನಿನ್ನನ್ನೂ ಮಲಗಿಸ್ತಾರೆ" ಅಂದರೆ ಮಗುವಿನ ಗತಿ ಏನು? ಅದಕ್ಕೇ, "ಇದು ರಾತ್ರಿಯ ನಿದ್ದೆ ಥರ ಅಲ್ಲ, ಔಷಧಿಯ ನಿದ್ದೆ. ಏನೂ ಗೊತ್ತಾಗೋದಿಲ್ಲ. ಒಬ್ಬ ಡಾಕ್ಟರ ಕೆಲಸವೇ ಪೂರ್ತಿ ಹೊತ್ತು ನಿನ್ನ ತಲೆ ಹತ್ರ ಇದ್ದು ನೋಡ್ಕೊಳ್ಳೋದು. ಮುಗಿದ ಮೇಲೆ ಔಷಧಿ ನಿಲ್ಲಿಸ್ತಾರೆ, ನೀನು ಎದ್ದೇಳ್ತೀಯ" ಅಂತ ಹೇಳಬೇಕು. ಇದು ಸಮಾಧಾನಕ್ಕೆ ಹೇಳುವ ಸುಳ್ಳಲ್ಲ. ಅರಿವಳಿಕೆ ಡಾಕ್ಟರು ನಿಜವಾಗಿಯೂ ಆಪರೇಷನ್ ಮುಗಿಯುವ ತನಕ ಮಗುವಿನ ಉಸಿರು, ನಾಡಿ ನೋಡಿಕೊಳ್ಳುತ್ತಾ ಅಲ್ಲೇ ಇರುತ್ತಾರೆ. ನಮ್ಮ ಅಜ್ಜಿಯಂದಿರು ಈಗಲೂ "ಕ್ಲೋರೋಫಾರ್ಮ್ ಕೊಡ್ತಾರಂತೆ" ಅಂತ ಗಾಬರಿಯಾಗುತ್ತಾರೆ. ಅದು 1847ರಲ್ಲಿ ಬಳಕೆಗೆ ಬಂದದ್ದು, ಬಿಟ್ಟು ಎಷ್ಟೋ ದಶಕಗಳಾದವು. ಈಗ ಮಕ್ಕಳಿಗೆ ಮಾಸ್ಕಿನ ಮೂಲಕ ಕೊಡುವ ಸೆವೋಫ್ಲುರೇನ್ ಎನ್ನುವುದಕ್ಕೆ ಮೂಗಿಗೆ ಹೊಡೆಯುವ ಘಾಟಿಲ್ಲ.

ನೋಯುತ್ತದೆಯೇ ಅಂತ ಕೇಳಿದರೆ "ಸ್ವಲ್ಪಾನೂ ನೋಯಲ್ಲ" ಅನ್ನಬೇಡಿ. "ಸೂಜಿ ಚುಚ್ಚುವಾಗ ಕೆಂಪಿರುವೆ ಕಚ್ಚಿದ ಹಾಗೆ ಚುರ್ ಅನ್ನುತ್ತೆ, ಹತ್ತು ಎಣಿಸುವಷ್ಟರಲ್ಲಿ ಕಡಿಮೆಯಾಗುತ್ತೆ. ಆಪರೇಷನ್ ಮಾಡುವಾಗ ಗೊತ್ತಾಗೋದಿಲ್ಲ. ಎದ್ದ ಮೇಲೆ ಗಂಟಲು ನೋಯುತ್ತೆ, ಅದಕ್ಕೆ ಔಷಧಿ ಕೊಡ್ತಾರೆ. ಅಳು ಬಂದ್ರೆ ಅಳು, ಯಾರೂ ಬೈಯೋದಿಲ್ಲ." ಗಂಡುಮಕ್ಕಳಿಗೆ "ಗಂಡಸಾಗಿ ಅಳ್ತೀಯೇನೋ" ಅನ್ನುವುದು ನನಗೆ ಸೇರುವುದಿಲ್ಲ. ಅತ್ತರೆ ಏನು ಕಳೆದುಹೋಗುತ್ತದೆ?

ಬಟ್ಟೆಯ ಗೊಂಬೆಯೊಂದಿದ್ದರೆ ಈ ಕೆಲಸ ಸುಲಭ. ಗೊಂಬೆಗೆ ಬ್ಯಾಂಡೇಜು ಸುತ್ತಿ, ಕೈಗೆ ದಾರ ಕಟ್ಟಿ "ಇದು ಡ್ರಿಪ್ಪು" ಅಂತ ತೋರಿಸಿ. ಸಣ್ಣ ಬಟ್ಟಲೊಂದನ್ನು ಮೂಗು ಬಾಯಿಗೆ ಹಿಡಿದು ಜೋರಾಗಿ ಉಸಿರಾಡುವ ಆಟ ಆಡಿಸಿ. ನನ್ನ ಮಗಳು ಮೂರು ದಿನ ಮನೆಯವರಿಗೆಲ್ಲ ಬಟ್ಟಲು ಹಿಡಿದು ಮಲಗಿಸಿದಳು. ಅಜ್ಜಿಯನ್ನೂ ಬಿಡಲಿಲ್ಲ. ಮುಖ ಸಪ್ಪೆ ಮಾಡಿಕೊಂಡಿದ್ದ ಅತ್ತೆ ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸಿದರು.

ಹೊಟ್ಟೆ ಖಾಲಿ ಇಡುವ ವಿಷಯ

ಪೂರ್ತಿ ಅರಿವಳಿಕೆ ಕೊಡುವುದಿದ್ದರೆ ಹೊಟ್ಟೆ ಖಾಲಿ ಇರಬೇಕು ಅನ್ನುತ್ತಾರೆ. ಇದು ಯಾಕೆ ಅಂತ ನಮ್ಮ ಹೆಂಗಸರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ "ಪಾಪ, ಮಗು ಹಸಿದಿದೆ" ಅಂತ ಒಂದು ಬಿಸ್ಕತ್ತು, ಒಂದು ಲೋಟ ಹಾಲು ಕದ್ದು ಕೊಟ್ಟುಬಿಡುತ್ತಾರೆ. ಔಷಧಿಯ ನಿದ್ದೆಯಲ್ಲಿ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಸಾಮಾನ್ಯವಾಗಿ ಊಟ ತಿಂಡಿ, ಹಸುವಿನ ಹಾಲು, ಡಬ್ಬಿಯ ಹಾಲು 6 ಗಂಟೆ ಮುಂಚೆಯೇ ನಿಲ್ಲಿಸಬೇಕು. ಎದೆಹಾಲು 4 ಗಂಟೆ ಮುಂಚೆ. ಬರೀ ನೀರಾದರೆ 2 ಗಂಟೆ ಮುಂಚಿನವರೆಗೂ ಕೊಡಬಹುದು. ಹಾಲು ನೀರಿನ ಲೆಕ್ಕವಲ್ಲ, ಇದು ನೆನಪಿರಲಿ. ನಿಮ್ಮ ಡಾಕ್ಟರು ಬೇರೆ ಹೊತ್ತು ಹೇಳಿದ್ದರೆ ಅವರು ಹೇಳಿದ್ದೇ ಸರಿ. ಅರಿಯದೆ ಮಗು ಏನಾದರೂ ತಿಂದುಬಿಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ, ಹೆಚ್ಚೆಂದರೆ ತಾರೀಕು ಮುಂದೆ ಹೋಗುತ್ತದೆ.

ಇನ್ನೊಂದು ಕಡೆ, "ಇರಲಿ ಜೋಪಾನ" ಅಂತ ರಾತ್ರಿ ಎಂಟಕ್ಕೇ ಊಟ ನೀರು ಎರಡೂ ನಿಲ್ಲಿಸಿ ಮಾರನೆಯ ಮಧ್ಯಾಹ್ನದ ತನಕ ಮಗುವನ್ನು ಒಣಗಿಸುವವರೂ ಇದ್ದಾರೆ. ಹಸಿವು ಬಾಯಾರಿಕೆಯಲ್ಲಿ ಮಗುವಿನ ಭಯ ಇಮ್ಮಡಿಯಾಗುತ್ತದೆ. "ಎಷ್ಟು ಗಂಟೆಗೆ ಆಪರೇಷನ್? ನೀರು ಎಷ್ಟು ಹೊತ್ತಿನ ತನಕ ಕೊಡಲಿ?" ಅಂತ ಸಿಸ್ಟರನ್ನು ಕೇಳಿ ಬರೆದುಕೊಳ್ಳಿ. ಚಿಕ್ಕ ಮಗುವಾದರೆ ಬೆಳಗಿನ ಮೊದಲ ಪಾಳಿಯಲ್ಲೇ ತೆಗೆದುಕೊಳ್ಳಲು ಕೇಳಿಕೊಳ್ಳಿ. ಆ ಬೆಳಿಗ್ಗೆ ಮಗುವಿನ ಎದುರು ಮನೆಯವರಾರೂ ಕಾಫಿ, ಇಡ್ಲಿ ಅಂತ ಕೂರಬಾರದು. ಇದನ್ನು ಗಂಡಸರಿಗೆ ವಿಶೇಷವಾಗಿ ಹೇಳಬೇಕಾಗುತ್ತದೆ!

ಹಿಂದಿನ ದಿನವೇ ವಿಚಾರಿಸಬೇಕಾದ್ದು ಇನ್ನೂ ಇದೆ. ಅಲ್ಲಾಡುವ ಹಲ್ಲಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಿ. ನೆಗಡಿ, ಕೆಮ್ಮು, ಜ್ವರ ಇದ್ದರೆ ಹೇಳಿ. ಉಗುರಿನ ಬಣ್ಣ ತೆಗೆಯಿರಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ನೋಡುತ್ತಾರೆ. ಬೆಳ್ಳಿಯ ಉಡಿದಾರ, ತಾಯತ, ಬಳೆ, ಓಲೆ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಆಪರೇಷನ್ನಿನಲ್ಲಿ ಕರೆಂಟಿನ ಉಪಕರಣ ಬಳಸುವಾಗ ಮೈಮೇಲೆ ಲೋಹವಿದ್ದರೆ ಸುಡುವ ಭಯವಿದೆ. ಬಾಗಿಲಲ್ಲಿ ನಿಂತಾಗ ಆಯಾ ಬಂದು ಉಡಿದಾರಕ್ಕೆ ಕತ್ತರಿ ಹಾಕುವುದು, ಅಜ್ಜಿ "ಬೇಡ" ಅಂತ ಕೂಗುವುದು, ಮಗು ಅಳುವುದು, ಈ ಗದ್ದಲ ಎಷ್ಟೋ ಕಡೆ ನಡೆಯುತ್ತದೆ. ಮನೆಯಲ್ಲೇ ಅಜ್ಜಿಯ ಕೈಯಿಂದಲೇ ಬಿಚ್ಚಿಸಿ, ದೇವರ ಮುಂದೆ ಇಡಿಸಿಬಿಡಿ.

ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವಾಗ ಅದರಲ್ಲಿರುವ ಮಾತು ಓದಿ ಎಂಥವರಿಗೂ ಎದೆ ಝಲ್ಲೆನ್ನುತ್ತದೆ. ಅದು ಎಲ್ಲರಿಗೂ ಇರುವ ಕಾಗದ. ಕೇಳುವುದಿದ್ದರೆ ಡಾಕ್ಟರನ್ನು ಕೇಳಿ, ಅಳುವುದಿದ್ದರೆ ಬಾತ್ ರೂಮಿಗೆ ಹೋಗಿ ಅತ್ತು ಮುಖ ತೊಳೆದು ಬನ್ನಿ. ಮಗು ಡಾಕ್ಟರ ಮುಖಕ್ಕಿಂತ ಹೆಚ್ಚಾಗಿ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ನಿಮಗೆ ತೀರಾ ತಡೆಯದಿದ್ದರೆ, ಆ ಹೊತ್ತಿಗೆ ಧೈರ್ಯವಿರುವ ಚಿಕ್ಕಮ್ಮನೋ ಮಾವನೋ ಮಗುವಿನ ಹತ್ತಿರ ಇರಲಿ.

ಬಾಗಿಲ ಹತ್ತಿರ

ಕೆಲವು ಆಸ್ಪತ್ರೆಗಳಲ್ಲಿ ಮಗುವಿಗೆ ಮಂಪರು ಬರುವ ತನಕ ತಾಯಿ ಒಳಗಿರಲು ಬಿಡುತ್ತಾರೆ, ಕೆಲವು ಕಡೆ ಬಿಡುವುದಿಲ್ಲ. ಮೊದಲೇ ಕೇಳಿಕೊಳ್ಳಿ. ನಾವು ಹೋದ ಕಡೆ ಬಿಡಲಿಲ್ಲ. ಕೇಳಿದ್ದಕ್ಕೆ ಅಲ್ಲಿಯ ಒಬ್ಬರು "ಇದೇನು ಸಂತೆಯೇ?" ಅಂತ ಗದರಿದರು ಕೂಡ. ಆದರೆ ಅರಿವಳಿಕೆ ಡಾಕ್ಟರು ಒಳ್ಳೆಯವರು, ಅರ್ಧ ಗಂಟೆ ಮುಂಚೆ ಮಗಳಿಗೆ ಒಂದು ಸಿರಪ್ ಕುಡಿಸಿದರು. ಭಯ ಕಡಿಮೆಯಾಗಿ ತೂಕಡಿಕೆ ಬರಿಸುವ ಇಂಥ ಔಷಧಿ ಇದೆ, ಎಲ್ಲ ಮಕ್ಕಳಿಗೂ ಆಗದು, ಆದರೆ ತುಂಬಾ ಹೆದರುವ ಮಗುವಿಗೆ ಕೊಡಬಹುದೇ ಅಂತ ನಾವು ಕೇಳುವುದರಲ್ಲಿ ತಪ್ಪಿಲ್ಲ. ಅಲ್ಲಿಯವರೆಗೆ ಮೊಬೈಲಿನಲ್ಲಿ ಮಗುವಿಗೆ ಇಷ್ಟವಾದ ಕಾರ್ಟೂನು ಹಾಕಿಕೊಡಿ. ಮನೆಯಲ್ಲಿ ಮೊಬೈಲಿಗೆ ಬೈಯುವ ನಾನೇ ಹೇಳುತ್ತಿದ್ದೇನೆ, ಆ ಹೊತ್ತಿನಲ್ಲಿ ಅದರಂಥ ಮಿತ್ರ ಬೇರೆ ಇಲ್ಲ.

ಬೇರೆಯಾಗುವಾಗ ಕದ್ದು ಜಾರಿಕೊಳ್ಳಬೇಡಿ. "ನಾನು ಈ ಬೆಂಚಿನ ಮೇಲೆ ಕೂತಿರ್ತೀನಿ, ನೀನು ಎದ್ದಾಗ ಬರ್ತೀನಿ" ಅಂತ ಹೇಳಿ, ಬೆಂಚನ್ನು ತೋರಿಸಿ. ಹೇಳಿದ ಮೇಲೆ ಕಾಫಿ ಕುಡಿಯಲು ಹೋಗಬಾರದು ಮತ್ತೆ!

ಎಚ್ಚರವಾಗುವ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೆಲವು ಮಕ್ಕಳು ಔಷಧಿಯ ಮಂಪರಿನಿಂದ ಏಳುವಾಗ ಕಾಲು ಒದ್ದು, ಕಿರುಚಿ, ತಾಯಿಯನ್ನೇ ಗುರುತು ಹಿಡಿಯದ ಹಾಗೆ ಮಾಡುತ್ತಾರೆ. ನೋಡಿದವರಿಗೆ ಕರುಳು ಕಿತ್ತು ಬರುತ್ತದೆ. ಇದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ, ಮಗುವಿಗೆ ಆಮೇಲೆ ನೆನಪೂ ಇರುವುದಿಲ್ಲ. ಬೀಳದಂತೆ ನೋಡಿಕೊಂಡು, ಮೆಲ್ಲಗೆ ಹೆಸರು ಹಿಡಿದು ಮಾತಾಡುತ್ತಾ ಇರಿ.

ಹೊಲಿಗೆ, ಕುರು, ಹಲ್ಲಿನಂಥ ಕೆಲಸಗಳಲ್ಲಿ ಮಗು ಎಚ್ಚರವಾಗಿಯೇ ಇರುತ್ತದೆ, ಆ ಜಾಗ ಮಾತ್ರ ಜೋಮು ಹಿಡಿಸುತ್ತಾರೆ. ಮಗುವನ್ನು ಅಂಗಾತ ಮಲಗಿಸಿ ನಾಲ್ಕು ಜನ ಕೈಕಾಲು ಅಮುಕಿ ಹಿಡಿದರೆ ನೋವಿಗಿಂತ ಆ ಹಿಡಿತಕ್ಕೇ ಅದು ಅರಚುತ್ತದೆ. ಕೈಗೋ ಕಾಲಿಗೋ ಆದರೆ ನಿಮ್ಮ ತೊಡೆಯ ಮೇಲೆ, ಎದೆಗೆ ಎದೆ ತಾಗಿಸಿ ಕೂರಿಸಿಕೊಂಡು ಅಪ್ಪಿ ಹಿಡಿಯಲು ಆಗುತ್ತದೆಯೇ ಅಂತ ಡಾಕ್ಟರನ್ನು ಕೇಳಿ. ಹಿಡಿತವೂ ಆಯಿತು, ಅಮ್ಮನೂ ಆಯಿತು. ಊದುವ ಕೆಲಸ ಕೊಡಿ, ಸೋಪಿನ ಗುಳ್ಳೆಯೋ ಕಾಗದದ ಗಿರಿಗಿಟ್ಲೆಯೋ. ಊದುವಾಗ ಮೈ ಬಿಗಿ ಬಿಡುತ್ತದೆ, ಗಮನವೂ ಆ ಕಡೆ ಹೋಗುತ್ತದೆ. ಚರ್ಮ ಮರಗಟ್ಟಿಸುವ ಮುಲಾಮು ಕೂಡ ಇದೆ. ಡ್ರಿಪ್ಪಿನ ಸೂಜಿ ಹಾಕುವ ಒಂದು ಗಂಟೆ ಮುಂಚೆ ಹಚ್ಚಿ ಮೇಲೆ ಪಟ್ಟಿ ಅಂಟಿಸಬೇಕು. ತೆರೆದ ಗಾಯಕ್ಕೆ ಹಚ್ಚುವಂಥದ್ದಲ್ಲ, ಡಾಕ್ಟರನ್ನು ಕೇಳಿಯೇ ತರಬೇಕು. ಕೈಗೂಸಾದರೆ ಸೂಜಿ ಚುಚ್ಚುವಾಗ ಮೊಲೆ ಕುಡಿಸುತ್ತಿದ್ದರೆ ನೋವು ಎಷ್ಟೋ ಕಡಿಮೆ.

ಮನೆಗೆ ಬಂದ ಮೇಲೆ

ಬಂದ ಕೂಡಲೇ ನೋಡಲು ಜನ ಬರುತ್ತಾರೆ. ಬ್ರೆಡ್ಡು, ಬಾಳೆಹಣ್ಣು, ಹಾರ್ಲಿಕ್ಸ್. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ, ಆದರೆ ಮಂಚದ ಪಕ್ಕ ನಿಂತು "ಎಷ್ಟು ಹೊಲಿಗೆ ಹಾಕಿದ್ರು? ಅಯ್ಯೋ ಕೂಸೇ! ನಮ್ಮ ಅಣ್ಣನ ಮಗನಿಗೆ ಹೀಗೇ ಆಗಿ..." ಅಂತ ಶುರು ಮಾಡುತ್ತಾರೆ. ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು ಅಲ್ಲೇ ಮಾತಾಡಿಸಿ ಕಳಿಸಿ.

ನೋವಿನ ಔಷಧಿಯನ್ನು ಮಗು ಅತ್ತಾಗ ಕೊಡೋಣ ಅಂತ ಕಾಯಬೇಡಿ. ಮೊದಲ ಕೆಲವು ದಿನ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ನೋವು ಹೆಚ್ಚಾದರೆ ನುಂಗುವುದಿಲ್ಲ, ನುಂಗದಿದ್ದರೆ ಗಂಟಲು ಒಣಗಿ ನೋವು ಇನ್ನೂ ಏರುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಟಾನ್ಸಿಲ್ ತೆಗೆದ ಜಾಗದಲ್ಲಿ ಬೆಳ್ಳಗೆ ಪೊರೆ ಕಟ್ಟುತ್ತದೆ, ಅದು ಕೀವಲ್ಲ. ಬಾಯಿ ವಾಸನೆ ಬರುತ್ತದೆ, ಕಿವಿ ನೋಯುತ್ತದೆ ಅನ್ನುತ್ತಾರೆ, ಇವೂ ಮಾಮೂಲು. ಮಾಮೂಲಲ್ಲದ್ದು ರಕ್ತ. ಮೊದಲ ದಿನವಾಗಲಿ, ಪೊರೆ ಉದುರುವ ಐದರಿಂದ ಹತ್ತನೆಯ ದಿನದೊಳಗಾಗಲಿ, ಉಗುಳಿನಲ್ಲಿ ಹೊಸ ರಕ್ತ ಕಂಡರೆ, ಅಥವಾ ನಿದ್ದೆಯಲ್ಲಿ ಮಗು ಪದೇ ಪದೇ ಗುಟುಕು ನುಂಗುತ್ತಿದ್ದರೆ, ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದಲೇ ಎರಡು ವಾರ ದೂರದ ಊರಿಗೆ ಕರೆದುಕೊಂಡು ಹೋಗಬೇಡಿ.

ಊಟಕ್ಕೆ ನಾನು ಮಾಡುತ್ತಿದ್ದುದು ಹೀಗೆ. ಅಕ್ಕಿ ಒಂದು ಹಿಡಿ, ಹೆಸರುಬೇಳೆ ಅರ್ಧ ಹಿಡಿ, ಎರಡನ್ನೂ ತೊಳೆದು ಹೆಚ್ಚು ನೀರಿಟ್ಟು ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ, ಹುಟ್ಟಿನಲ್ಲಿ ಚೆನ್ನಾಗಿ ಮಸೆಯುವುದು. ಉಪ್ಪು, ಒಂದು ಚಮಚ ತುಪ್ಪ. ಮೆಣಸು, ಒಗ್ಗರಣೆ ಬೇಡ. ಉಗುರು ಬೆಚ್ಚಗೆ ಆದ ಮೇಲೆ ಕೊಡಬೇಕು. ಸಂಜೆ ತೆಳ್ಳಗೆ ಕಾಸಿ ಆರಿಸಿದ ರಾಗಿ ಗಂಜಿಗೆ ಹಾಲು ಬೆಲ್ಲ. ಹುಳಿಯಿಲ್ಲದ ಮೊಸರಿನಲ್ಲಿ ಕಿವುಚಿದ ಅನ್ನ. ಐಸ್ ಕ್ರೀಮನ್ನು ಡಾಕ್ಟರೇ ಕೊಡಿ ಅನ್ನುತ್ತಾರೆ, ಅತ್ತೆಗೆ ಇದನ್ನು ನಂಬಿಸುವುದು ಕಷ್ಟವಾಯಿತು. ನಿಂಬೆ, ಕಿತ್ತಳೆ, ಖಾರ, ಚಕ್ಕುಲಿ, ಹಪ್ಪಳ ಸ್ವಲ್ಪ ದಿನ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ.

ಒಂದೆರಡು ವಾರ ಕೆಲವು ಮಕ್ಕಳು ರಾತ್ರಿ ಬೆಚ್ಚಿ ಏಳುತ್ತಾರೆ. ಬಿಟ್ಟ ಅಭ್ಯಾಸ ಮರಳಿ ಹಾಸಿಗೆ ಒದ್ದೆ ಮಾಡುತ್ತಾರೆ, ಬೆರಳು ಚೀಪುತ್ತಾರೆ, ಅಮ್ಮ ಬಚ್ಚಲಿಗೆ ಹೋದರೂ ಹಿಂದೆಯೇ ಬರುತ್ತಾರೆ. ಬೈಯದೆ ಪಕ್ಕದಲ್ಲಿ ಮಲಗಿಸಿಕೊಳ್ಳಿ, ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಆ ದಿನಗಳಲ್ಲಿ ಗೊಂಬೆಗೆ ಮತ್ತೆ ಮತ್ತೆ ಆಪರೇಷನ್ ನಡೆಯುತ್ತದೆ, ಅದೂ ಬಹಳ ಕಠಿಣವಾಗಿ! ನನ್ನ ಮಗಳ ಗೊಂಬೆಗೆ ದಿನಕ್ಕೆ ಆರು ಇಂಜೆಕ್ಷನ್ ಬೀಳುತ್ತಿದ್ದವು. ತಡೆಯಬೇಡಿ, ಅದು ಮನಸ್ಸಿನೊಳಗಿನದನ್ನು ಹಾಗೆ ಹೊರಗೆ ಹಾಕುತ್ತಿರುತ್ತದೆ.

ಎದುರು ಮನೆಯ ಹುಡುಗನಿಗೆ ಹನ್ನೊಂದನೆಯ ವರ್ಷದಲ್ಲಿ ಸೈಕಲ್ಲಿನಿಂದ ಬಿದ್ದು ಗಲ್ಲ ಒಡೆಯಿತು. ಈ ಸಲ ಅವನ ತಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ನಾಲ್ಕು ಹೊಲಿಗೆ, ಜೋಮು ಹಿಡಿಸುವ ಸೂಜಿ ಚುರ್ ಅನ್ನುತ್ತೆ, ನಾನು ನಿನ್ನ ಕೈ ಬಿಡೋದಿಲ್ಲ. ಅವನು "ನಿಜ ತಾನೇ?" ಅಂತ ಕೇಳಿದ್ದು ಒಂದೇ ಸಲವಂತೆ. ಹೊಲಿಗೆ ಬಿಚ್ಚುವ ದಿನದ ವಿಷಯವನ್ನೂ ಅವಳು ಮೊದಲೇ ಹೇಳಿದ್ದಳು. ಇದನ್ನು ನಾವೆಲ್ಲ ಮರೆತುಬಿಡುತ್ತೇವೆ, ಮಗು ಎಲ್ಲ ಮುಗಿಯಿತು ಅಂದುಕೊಂಡಿರುವಾಗ ಮತ್ತೆ ಕತ್ತರಿ ಕಾಣಿಸುತ್ತದೆ. ತಾನಾಗಿ ಕರಗುವ ದಾರವೋ, ಬಿಚ್ಚಿಸಲು ಹೋಗಬೇಕೋ, ಹೋಗಬೇಕಾದರೆ ಎಷ್ಟನೆಯ ದಿನ ಅನ್ನುವುದನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿಕೊಂಡು, ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ಗುರುತು ಹಾಕಿಸಿ.